ಮೂವರು ಸತ್ತರು, ನಾಲ್ಕನೆಯವನೆಲ್ಲಿ?

ಮೊನ್ನೆ ನಮ್ಮೂರಿನಲ್ಲಿ ಒಂದು ಸಮಾರಂಭ. ಕಾರ್ಮಿಕರ ಮಕ್ಕಳಿಗೆ ನೋಟುಬುಕ್ಕು ಹಂಚುವ ಪುಣ್ಯಕಾರ್ಯ. ನಾವೂ ಹೋಗಿದ್ದೆವು. ಪ್ರಾರ್ಥನೆಯಾಯಿತು, ಹಾರ ತುರಾಯಿಗಳಾದವು. ಆಮೇಲೆ ಮಾನ್ಯರೊಬ್ಬರು ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, ಇಂಗ್ಲೆಂಡಿನ ಹಳೆಯ ಕವಿಯೊಬ್ಬ ಬರೆದ ಕತೆಯೊಂದನ್ನು ಹೇಳಿದರು. ಮೂವರು ಪುಂಡರು, ಒಂದು ಚಿನ್ನದ ರಾಶಿ, ಮೂವರಿಗೂ ಸಾವು. ಕತೆ ಮುಗಿಸಿ ಅವರು ಹೇಳಿದ ನೀತಿ ಇಷ್ಟು: ಅತಿಯಾಸೆ ಗತಿಗೇಡು, ಬೋನಸ್ಸು, ತುಟ್ಟಿಭತ್ಯ ಎಂದು ಹಗಲಿರುಳು ಜಪಿಸುವವರು ಈ ಮೂವರನ್ನು ನೆನೆಯಬೇಕು, ಅಂಗಡಿ ಬಾಡಿಗೆ ಇಳಿಸಿರೆಂದು ಅರ್ಜಿ ಹಿಡಿದು ತಿರುಗುವ ಚಿಲ್ಲರೆ ವ್ಯಾಪಾರಿಗಳೂ ನೆನೆಯಬೇಕು, ಇದ್ದುದರಲ್ಲಿ ತೃಪ್ತಿ ಪಡುವವನೇ ಸುಖಿ.

ಸಭೆ ಚಪ್ಪಾಳೆ ತಟ್ಟಿತು. ನಿಜ ಹೇಳುವುದಾದರೆ ನಾವೂ ತಟ್ಟಿದೆವು. ಕತೆ ಅಷ್ಟು ಚೆನ್ನಾಗಿತ್ತು. ಮನೆಗೆ ಬಂದು ಪುಸ್ತಕ ತೆಗೆದು ನೋಡಿದಾಗ ತಿಳಿಯಿತು: ಮಾನ್ಯರು ಅರ್ಧ ಕತೆ ಹೇಳಿ ಅರ್ಧವನ್ನು ಜೇಬಿನಲ್ಲಿಟ್ಟುಕೊಂಡು ಹೋಗಿದ್ದಾರೆ. ಆ ಅರ್ಧವನ್ನು ವಾಚಕರ ಮುಂದಿಡುವುದು ನಮ್ಮ ಕರ್ತವ್ಯ.

ಕತೆ ಬರೆದವನು ಚಾಸರ್ ಎಂಬ ಕವಿ. ಹೆಂಡದಂಗಡಿಗಳಿಗೆ ದ್ರಾಕ್ಷಾರಸ ಒದಗಿಸುವ ವರ್ತಕನ ಮಗ. ೧೩೭೪ರಿಂದ ೧೩೮೬ರವರೆಗೆ ಲಂಡನ್ ಬಂದರಿನಲ್ಲಿ ಉಣ್ಣೆಯ ಸುಂಕದ ಲೆಕ್ಕ ನೋಡುತ್ತಿದ್ದ ಅಧಿಕಾರಿ. ಅಂದರೆ ಮೂಟೆ ಯಾರದು, ಲಾಭ ಯಾರದು, ಲಂಚ ಯಾರದು ಎಂಬುದನ್ನು ಕಣ್ಣಾರೆ ಕಂಡವನು. ಸುಮಾರು ೧೩೮೭ರಲ್ಲಿ ಅವನು ‘ಕ್ಯಾಂಟರ್ಬರಿ ಕತೆಗಳು’ ಎಂಬ ದೊಡ್ಡ ಕಾವ್ಯಕ್ಕೆ ಕೈಹಾಕಿದ. ೧೪೦೦ರಲ್ಲಿ ತೀರಿಕೊಂಡಾಗ ಅದು ಇನ್ನೂ ಮುಗಿದಿರಲಿಲ್ಲ. ಲಂಡನ್ನಿನಿಂದ ಕ್ಯಾಂಟರ್ಬರಿಯ ಸಂತನ ಸಮಾಧಿಗೆ ಯಾತ್ರೆ ಹೊರಟ ಬಗೆಬಗೆಯ ಜನ ದಾರಿಯ ಬೇಸರ ಕಳೆಯಲು ಒಬ್ಬೊಬ್ಬರಾಗಿ ಕತೆ ಹೇಳುತ್ತಾರೆ. ಅಂಥ ಕತೆಗಳಲ್ಲಿ ಇದೊಂದು.

ಕತೆ ನಡೆಯುವುದು ಫ್ಲಾಂಡರ್ಸ್ ಎಂಬ ನಾಡಿನಲ್ಲಿ. ಮೂವರು ಪುಂಡರು ಬೆಳಗಾಗುವುದರೊಳಗೆ ಹೆಂಡದಂಗಡಿಯಲ್ಲಿ ಕುಳಿತಿದ್ದಾರೆ. ಬೀದಿಯಲ್ಲಿ ಹೆಣದ ಮುಂದೆ ಬಾರಿಸುವ ಗಂಟೆಯ ಸದ್ದು. ಸತ್ತವನು ಯಾರು? ಅವರದೇ ಗೆಳೆಯ. ಸಾವು ಎಂಬ ಕಳ್ಳ ಬಂದು ರಾತ್ರಿ ಎದೆ ಸೀಳಿ ಹೋದನಂತೆ. ಹತ್ತಿರದ ಊರೊಂದನ್ನು ಈ ವರ್ಷ ಪೂರಾ ಮುಗಿಸಿದ್ದಾನಂತೆ. ಕುಡಿದ ಅಮಲು. ಮೂವರೂ ಕೈಗೆ ಕೈ ಸೇರಿಸಿ ಆಣೆ ಮಾಡುತ್ತಾರೆ: ಇಂದಿನಿಂದ ನಾವು ಒಡಹುಟ್ಟಿದವರು, ಆ ಸಾವನ್ನು ಹುಡುಕಿ ಕೊಂದೇ ತೀರುತ್ತೇವೆ.

ದಾರಿಯಲ್ಲಿ ಒಬ್ಬ ಹಣ್ಣುಹಣ್ಣು ಮುದುಕ. ಸಾವೂ ತನ್ನನ್ನು ಒಲ್ಲದೆಂದು ಕೋಲಿನಿಂದ ನೆಲ ತಟ್ಟಿ, ಭೂತಾಯಿಯನ್ನು ಒಳಗೆ ಕರೆದುಕೋ ಎಂದು ಬೇಡುವವನು. ಪುಂಡರು ಅವನನ್ನು ಗದರಿಸುತ್ತಾರೆ. ಅವನು ಓಣಿಯ ಆಚೆ ಓಕ್ ಮರವೊಂದನ್ನು ತೋರಿಸಿ, ಸಾವು ಅಲ್ಲಿದ್ದಾನೆ ಹೋಗಿ ಎನ್ನುತ್ತಾನೆ. ಮರದ ಕೆಳಗೆ ಸಾವಿಲ್ಲ. ಎಂಟು ಬುಷೆಲ್ ಅಳತೆಯ ಹೊಚ್ಚ ಹೊಸ ಚಿನ್ನದ ನಾಣ್ಯಗಳ ರಾಶಿ! ಆ ಕ್ಷಣದಿಂದ ಅವರು ಸಾವನ್ನು ಹುಡುಕುವುದನ್ನು ಬಿಟ್ಟರು.

ಹಗಲು ಹೊತ್ತಿನಲ್ಲಿ ಸಾಗಿಸಿದರೆ ಕಳ್ಳರೆಂದು ಹಿಡಿದಾರು. ಇರುಳಾಗಲಿ ಎಂದು ಕಾದು ಕುಳಿತರು. ಚೀಟಿ ಎತ್ತಿದಾಗ ಕಿರಿಯವನ ಪಾಲಿಗೆ ಪೇಟೆಗೆ ಹೋಗಿ ರೊಟ್ಟಿ, ದ್ರಾಕ್ಷಾರಸ ತರುವ ಕೆಲಸ ಬಂತು. ಅವನು ಮರೆಯಾದೊಡನೆ ಉಳಿದಿಬ್ಬರ ಪಿಸುಮಾತು: ಮೂರು ಪಾಲಿಗಿಂತ ಎರಡು ಪಾಲು ದೊಡ್ಡದು, ಅವನು ಬಂದಾಗ ನೀನು ತಮಾಷೆಗೆಂಬಂತೆ ಕುಸ್ತಿ ಹಿಡಿ, ನಾನು ಇರಿಯುತ್ತೇನೆ. ಪೇಟೆಯ ದಾರಿಯಲ್ಲಿ ಕಿರಿಯವನ ಲೆಕ್ಕ ಇನ್ನೂ ಸರಳ: ಎರಡು ಪಾಲಿಗಿಂತ ಒಂದೇ ಪಾಲು ದೊಡ್ಡದು. ಅವನು ಔಷಧದ ಅಂಗಡಿಗೆ ಹೋಗಿ ಮನೆಯಲ್ಲಿ ಇಲಿಕಾಟ ಎಂದು ಪಾಷಾಣ ಕೊಂಡ. ಮೂರು ಬಾಟಲಿಗಳಲ್ಲಿ ಎರಡಕ್ಕೆ ವಿಷ ಬೆರೆಸಿ, ಮೂರನೆಯದನ್ನು ತನಗಾಗಿ ಚೊಕ್ಕಟವಾಗಿಟ್ಟುಕೊಂಡ. ಹಿಂತಿರುಗಿ ಬಂದ, ಅವರು ಇರಿದರು, ಅವನು ಸತ್ತ. ಹೂಳುವ ಮೊದಲು ಒಂದು ಗುಟುಕು ಕುಡಿಯೋಣವೆಂದು ಕೈಗೆ ಸಿಕ್ಕ ಬಾಟಲಿ ಎತ್ತಿದರು, ಅವರೂ ಸತ್ತರು. ಚಿನ್ನ ಮರದ ಬುಡದಲ್ಲೇ ಉಳಿಯಿತು.

ಮಾನ್ಯರು ಕತೆ ನಿಲ್ಲಿಸಿದ್ದು ಇಲ್ಲಿಗೆ. ಚಪ್ಪಾಳೆ ಬಿದ್ದದ್ದೂ ಇಲ್ಲಿಗೇ.

ಇನ್ನು ಅವರು ಜೇಬಿನಲ್ಲಿಟ್ಟುಕೊಂಡ ಅರ್ಧ. ಚಾಸರ್ ಈ ಕತೆಯನ್ನು ಯಾರ ಬಾಯಿಂದ ಹೇಳಿಸಿದ್ದಾನೆ ಗೊತ್ತೆ? ಸಂತನ ಬಾಯಿಂದಲ್ಲ, ಬಡ ಪಾದ್ರಿಯ ಬಾಯಿಂದಲೂ ಅಲ್ಲ. ಕ್ಷಮಾಪತ್ರ ಮಾರುವ ಒಬ್ಬ ದಲ್ಲಾಳಿಯ ಬಾಯಿಂದ! ಆ ಕಾಲದ ಯುರೋಪಿನಲ್ಲಿ ಪಾಪದ ಶಿಕ್ಷೆಗೆ ರಿಯಾಯಿತಿ ಕೊಡುವ ಪತ್ರಗಳನ್ನು ಪೋಪ್ ಗುರುಗಳ ಮುದ್ರೆ ತೋರಿಸಿ ಹಳ್ಳಿಹಳ್ಳಿ ತಿರುಗಿ ಹಂಚುವವರಿದ್ದರು. ಹಂಚುವುದು ಎಂದರೆ ಕಾಣಿಕೆಯ ಹೆಸರಿನಲ್ಲಿ ಮಾರುವುದು. ನಮ್ಮ ಕತೆಗಾರ ಆ ಕಸುಬಿನಲ್ಲಿ ಪಳಗಿದವನು.

ಅವನ ಚೀಲದಲ್ಲಿ ಏನೇನಿದೆ? ಒಂದು ದಿಂಬಿನ ಚೀಲ. ಅದು ಮೇರಿ ಮಾತೆಯ ಮುಸುಕಂತೆ. ಒಂದು ಹರಕು ಬಟ್ಟೆ; ಅದು ಸಂತ ಪೀಟರನ ದೋಣಿಯ ಹಾಯಿಯಂತೆ. ಗಾಜಿನ ಬುರುಡೆಯಲ್ಲಿ ಹಂದಿಯ ಎಲುಬುಗಳು. ಅವು ಸಂತರ ಎಲುಬುಗಳಂತೆ. ಕುರಿಯ ಹೆಗಲಿನ ಮೂಳೆಯೊಂದಿದೆ, ಬಾವಿಯಲ್ಲಿ ಅದ್ದಿದರೆ ದನದ ರೋಗ ವಾಸಿ. ಒಂದು ಕೈಚೀಲವಿದೆ, ಅದನ್ನು ತೊಟ್ಟು ಬಿತ್ತಿದರೆ ಬೆಳೆ ಇಮ್ಮಡಿ, ಮುಮ್ಮಡಿ. ಮೊದಲು ಕಾಣಿಕೆಯ ತಟ್ಟೆಗೆ ಕಾಸು ಬೀಳಬೇಕು, ಅಷ್ಟೆ. ಇವನ ಉಪದೇಶಕ್ಕೆ ಯಾವ ಊರಿನಲ್ಲಿಯಾದರೂ ಒಂದೇ ವಿಷಯ: ದುಡ್ಡಿನ ಆಸೆಯೇ ಎಲ್ಲ ಕೇಡುಗಳ ಮೂಲ. ಆ ವಿಷಯವನ್ನೇ ಏಕೆ ಆರಿಸಿಕೊಂಡ? ದುಡ್ಡಿನ ಆಸೆ ಬಿಟ್ಟವರು ಆ ದುಡ್ಡನ್ನು ಅವನ ತಟ್ಟೆಗೆ ಹಾಕಲಿ ಎಂದು! ಹೇಳುವುದು ವೇದ, ಹಾಕುವುದು ಗಾಳ ಎಂದು ನಮ್ಮ ಹಿರಿಯರು ಅಂದದ್ದು ಇಂಥವರನ್ನು ಕಂಡೇ.

ಇದನ್ನೆಲ್ಲ ನಾವು ಊಹಿಸಿ ಹೇಳುತ್ತಿಲ್ಲ. ಅವನೇ ಯಾತ್ರಿಕರ ಮುಂದೆ ಬಾಯಿಬಿಟ್ಟು ಹೇಳಿಕೊಳ್ಳುತ್ತಾನೆ. ಹಳ್ಳಿಯ ಕಡುಬಡವಿ ವಿಧವೆಯ ಮಕ್ಕಳು ಹಸಿವಿನಿಂದ ಸತ್ತರೂ ಸರಿ, ಅವಳಿಂದ ಹಣ, ಉಣ್ಣೆ, ಗಿಣ್ಣು, ಗೋಧಿ ಕೀಳದೆ ಬಿಡುವವನಲ್ಲ ತಾನು ಎನ್ನುತ್ತಾನೆ. ತನ್ನ ವರಮಾನ ವರ್ಷಕ್ಕೆ ೧೦೦ ಮಾರ್ಕು ಎಂದು ಹೆಮ್ಮೆಯಿಂದ ಸಾರುತ್ತಾನೆ.

ಈ ೧೦೦ ಮಾರ್ಕು ಎಷ್ಟು ದೊಡ್ಡ ಮೊತ್ತ? ಕೂಲಿಯ ಲೆಕ್ಕ ನಮ್ಮ ಓದುಗರಿಗೆ ಹೊಸದಲ್ಲ, ಒಮ್ಮೆ ಮಾಡಿ ನೋಡೋಣ. ಒಂದು ಮಾರ್ಕಿಗೆ ೧೩ ಷಿಲ್ಲಿಂಗು ೪ ಪೆನ್ಸು, ಅಂದರೆ ೧೬೦ ಪೆನ್ಸು. ೧೦೦ ಮಾರ್ಕಿಗೆ ೧೬,೦೦೦ ಪೆನ್ಸು. ೧೩೫೧ರ ಇಂಗ್ಲೆಂಡಿನ ಕೂಲಿ ಕಾಯಿದೆ ನುರಿತ ಬಡಗಿಗೆ ಗೊತ್ತುಮಾಡಿದ ದಿನಗೂಲಿ ೩ ಪೆನ್ಸು. ಆ ದರದಲ್ಲಿ ಬಡಗಿ ವರ್ಷಕ್ಕೆ ೩೦೦ ದಿನ ಉಳಿ ಬಡಿದರೂ ಈ ದಲ್ಲಾಳಿಯ ಒಂದು ವರ್ಷದ ಸಂಪಾದನೆಗೆ ಹದಿನೇಳು ವರ್ಷಕ್ಕಿಂತ ಹೆಚ್ಚು ಕಾಲ ಬೇಕು. ಹುಲ್ಲು ಒಣಹಾಕುವ ಕೂಲಿಯವನಿಗೆ ಆ ಕಾಯಿದೆ ಕೊಟ್ಟದ್ದು ದಿನಕ್ಕೆ ಒಂದೇ ಪೆನ್ನಿ. ಅವನ ಲೆಕ್ಕ ನಾವು ಮಾಡುವುದಿಲ್ಲ. ಅದಕ್ಕೆ ಅವನ ಆಯುಷ್ಯ ಸಾಲದು.

ಈಗ ಹೇಳಿ, ಕತೆಯೊಳಗಿನ ಮೂವರು ಹೆಚ್ಚು ಆಸೆಬುರುಕರೋ, ಕತೆ ಹೇಳುವ ನಾಲ್ಕನೆಯವನೋ?

ಅವನ ಇನ್ನೊಂದು ಉಪಾಯವನ್ನೂ ಓದುಗರು ತಿಳಿದಿರಬೇಕು. ಅವನು ಗಂಭೀರವಾಗಿ ಸಾರುತ್ತಾನೆ: ಬಾಯಿಬಿಟ್ಟು ಹೇಳಲಾರದಂಥ ಘೋರ ಪಾಪ ಮಾಡಿದವರು, ಗಂಡನಿಗೆ ದ್ರೋಹ ಬಗೆದ ಹೆಂಗಸರು ಈ ಪವಿತ್ರ ವಸ್ತುಗಳಿಗೆ ಕಾಣಿಕೆ ಸಲ್ಲಿಸಲಾರರು, ಮಿಕ್ಕವರು ಮುಂದೆ ಬನ್ನಿ. ಇನ್ನು ಕೂತಲ್ಲಿಂದ ಏಳದೆ ಇರುವ ಧೈರ್ಯ ಯಾರಿಗಿದೆ? ಕೂತವನೇ ಪಾಪಿ! ಊರಿಗೆ ಊರೇ ಎದ್ದು ಸಾಲು ನಿಲ್ಲುತ್ತದೆ. ಆರು ನೂರು ವರ್ಷ ದಾಟಿದರೂ ಈ ಉಪಾಯಕ್ಕೆ ತುಕ್ಕು ಹಿಡಿದಿಲ್ಲ. ಕೂಲಿ ಕೇಳದೆ ದುಡಿಯುವವನು ಸಂಸ್ಥೆಗೆ ನಿಷ್ಠ, ಕೇಳಿದವನು ದ್ರೋಹಿ ಎಂದು ಮೊದಲೇ ಸಾರಿಬಿಟ್ಟರೆ ಸಾಕು, ಎಷ್ಟೋ ಕೈಗಳು ಅರ್ಜಿಗೆ ರುಜು ಹಾಕುವ ಮುಂಚೆಯೇ ಜೇಬಿಗೆ ಹೋಗುತ್ತವೆ.

ಈ ಕತೆಯಲ್ಲಿ ಸಾವು ಊರಿಗೆ ಊರನ್ನೇ ಕೊಂದಿತು ಎಂಬ ಮಾತು ಬಂತಲ್ಲವೆ? ಅದು ಕವಿಯ ಉತ್ಪ್ರೇಕ್ಷೆಯಲ್ಲ. ೧೩೪೮ರಲ್ಲಿ ಇಂಗ್ಲೆಂಡಿಗೆ ಬಂದ ಮಹಾಮಾರಿ ಪ್ಲೇಗು ಅಲ್ಲಿನ ಜನದಲ್ಲಿ ಮೂರರಲ್ಲೊಂದು ಪಾಲಿಗೆ ಕಡಿಮೆಯಿಲ್ಲದಷ್ಟು ಮಂದಿಯನ್ನು ತಿಂದುಹಾಕಿತು. ಹೊಲ ಬಿತ್ತುವವರಿಲ್ಲ, ಕೊಯ್ಯುವವರಿಲ್ಲ. ಬದುಕಿ ಉಳಿದ ಕೂಲಿಕಾರ ಸಹಜವಾಗಿಯೇ ಕೇಳಿದ: ಕೂಲಿ ಹೆಚ್ಚಿಸಿ. ಬೇಡಿಕೆ ಹೆಚ್ಚಾದಾಗ ಬೆಲೆ ಏರುವುದು ವ್ಯಾಪಾರದ ಧರ್ಮವೆಂದು ವರ್ತಕರು ಹೇಳುತ್ತಾರೆ. ಉಣ್ಣೆಗೆ ಒಪ್ಪುವ ಆ ಧರ್ಮ ಬೆವರಿಗೆ ಒಪ್ಪಲಿಲ್ಲ. ೧೩೪೯ರಲ್ಲಿ ರಾಜಾಜ್ಞೆ, ೧೩೫೧ರಲ್ಲಿ ಕಾಯಿದೆ: ಪ್ಲೇಗಿಗೆ ಮುಂಚಿನ ಕೂಲಿಗೇ ದುಡಿಯಬೇಕು, ಒಲ್ಲೆನೆಂದರೆ ಸೆರೆ. ಇದಕ್ಕೆ ಕಾಯಿದೆ ಕೊಟ್ಟ ಕಾರಣವನ್ನು ಕೇಳಿ: ಕೂಲಿಕಾರರು ತಮ್ಮ ಸುಖವನ್ನೂ ತಮ್ಮ ದುರಾಸೆಯನ್ನೂ ಮಾತ್ರ ನೋಡುತ್ತಿದ್ದಾರಂತೆ!

ದುರಾಸೆ! ಮಠ ಮಾನ್ಯಗಳ ಒಡೆಯನಿಗೆ ಆ ಹೆಸರಿಲ್ಲ, ಸಾವಿರಾರು ಎಕರೆಯ ಜಹಗೀರುದಾರನಿಗೆ ಆ ಹೆಸರಿಲ್ಲ, ಹಂದಿಯ ಎಲುಬು ಮಾರಿ ೧೦೦ ಮಾರ್ಕು ಗಳಿಸುವವನಿಗೂ ಇಲ್ಲ. ದಿನಕ್ಕೊಂದು ಪೆನ್ನಿ ಪಡೆಯುವವನು ಎರಡು ಕೇಳಿದರೆ ಅವನ ನೆತ್ತಿಯ ಮೇಲೆ ಆ ಹೆಸರಿನ ಬರೆ. ಬಂಧುಗಳೇ, ಸಮಾರಂಭದ ವೇದಿಕೆಯಿಂದ ನಾವು ಕೇಳಿದ ಮಾತು ಹೊಸದಲ್ಲ. ಅದಕ್ಕೆ ಆರೂವರೆ ಶತಮಾನಕ್ಕೂ ಮಿಕ್ಕ ವಯಸ್ಸಾಗಿದೆ.

ಆ ಕೂಲಿಕಾರರು ಎಷ್ಟು ದಿನ ಸಹಿಸಿದರು? ಯುದ್ಧದ ಖರ್ಚಿಗೆಂದು ತಲೆಗಂದಾಯ ಬಂತು. ಮೂರನೆಯ ಸಲ ಹದಿನೈದು ದಾಟಿದ ತಲೆಗೆ ಸರಾಸರಿ ೧೨ ಪೆನ್ಸು. ೧೩೮೧ರ ಜೂನ್ ತಿಂಗಳಲ್ಲಿ ಕೆಂಟ್, ಎಸೆಕ್ಸ್ ಜಿಲ್ಲೆಗಳ ರೈತರೂ ಕಸುಬುದಾರರೂ ಎದ್ದು ಲಂಡನ್ನಿಗೆ ನಡೆದರು. ಎಸೆಕ್ಸಿನ ಜನ ನಗರ ಹೊಕ್ಕ ಆಲ್ಡ್‌ಗೇಟ್ ಬಾಗಿಲಿನ ಮೇಲಿನ ಮನೆಯಲ್ಲೇ ಆಗ ಚಾಸರನ ವಾಸ. ಅವರ ನಾಯಕ ವಾಟ್ ಟೈಲರನನ್ನು ಹದಿನಾಲ್ಕು ವರ್ಷದ ರಾಜನ ಎದುರಿನಲ್ಲಿ ಮಾತುಕತೆಗೆಂದು ಕರೆದು ಕೊಂದರು. ಎಲ್ಲರೂ ಒಂದೇ ತಾಯಿತಂದೆಯ ಮಕ್ಕಳು, ಒಡೆಯ ಆಳು ಎಂಬ ಭೇದ ದೇವರು ಮಾಡಿದ್ದಲ್ಲ ಎಂದು ಸಾರಿದ ಜಾನ್ ಬಾಲ್ ಎಂಬ ಪಾದ್ರಿಯನ್ನು ಜುಲೈ ತಿಂಗಳಲ್ಲಿ ಗಲ್ಲಿಗೇರಿಸಿದರು. ದುರಾಸೆ ಪಾಪವೆಂದು ಉಪದೇಶಿಸಿ ದುಡ್ಡು ಕಿತ್ತವನಿಗೆ ಕುದುರೆ ಸವಾರಿ, ಸಮಾನತೆ ಉಪದೇಶಿಸಿದವನಿಗೆ ಹಗ್ಗ. ಆ ರಾಜ್ಯದ ನ್ಯಾಯ ಅದು.

ಕತೆಯ ಕೊನೆಗೆ ಬರೋಣ. ಮೂವರನ್ನು ಕೊಂದು ಮುಗಿಸಿದ ಮೇಲೆ ದಲ್ಲಾಳಿ ಏನು ಮಾಡಿದ? ತನ್ನ ಬಂಡವಾಳವನ್ನೆಲ್ಲ ತಾನೇ ಬಯಲಿಗಿಟ್ಟಿದ್ದೇನೆಂಬುದನ್ನೂ ಮರೆತು, ಅದೇ ಯಾತ್ರಿಕರ ಮುಂದೆ ಚೀಲ ಬಿಚ್ಚಿ, ಬನ್ನಿ, ಕಾಣಿಕೆ ಹಾಕಿ, ಎಲುಬಿಗೆ ಮುತ್ತಿಡಿ ಎಂದ! ಮೊದಲು ಕರೆದದ್ದು ತಂಗುಮನೆಯ ಮಾಲೀಕನನ್ನು. ಅವನು ಅಂಗಡಿ ನಡೆಸಿದವನು, ಕಳ್ಳ ಮಾಲನ್ನು ಕಂಡರೆ ಗುರುತು ಹಿಡಿಯಬಲ್ಲವನು. ಪತ್ರಿಕೆಯಲ್ಲಿ ಅಚ್ಚು ಹಾಕಲಾಗದಂಥ ಬೈಗುಳ ಬೈದ. ದಲ್ಲಾಳಿಯ ಬಾಯಿ ಕಟ್ಟಿತು. ಆಗ ನಡುವೆ ಬಂದವನು ಸರದಾರ. ಜಗಳ ಸಾಕು, ಇಬ್ಬರೂ ಮುತ್ತಿಟ್ಟು ರಾಜಿಯಾಗಿ ಎಂದ. ರಾಜಿಯಾಯಿತು. ಸವಾರಿ ಮುಂದೆ ಸಾಗಿತು.

ಇಷ್ಟೇ. ಸುಳ್ಳುಗಾರನಿಗೆ ಸಿಡಿಲು ಬಡಿಯಲಿಲ್ಲ, ಚೀಲ ಸುಡಲಿಲ್ಲ, ವಿಧವೆಯ ಗೋಧಿ ಹಿಂದಕ್ಕೆ ಬರಲಿಲ್ಲ. ಮೂವರು ಕುಡುಕರಿಗೆ ಬಂದ ದೈವದ ನ್ಯಾಯ ನಾಲ್ಕನೆಯವನ ಹತ್ತಿರ ಸುಳಿಯಲಿಲ್ಲ. ಇಲ್ಲಿ ಚಾಸರ್ ತಪ್ಪಿದ ಎಂದು ನಾವು ಹೇಳುವುದಿಲ್ಲ. ಸುಂಕದ ಕಟ್ಟೆಯಲ್ಲಿ ಹನ್ನೆರಡು ವರ್ಷ ಕುಳಿತವನಿಗೆ ಲೋಕದ ರೀತಿ ಗೊತ್ತಿತ್ತು. ಮರದ ಬುಡದ ನ್ಯಾಯ ಕತೆಯೊಳಗೆ ಮಾತ್ರ, ಕತೆ ಹೇಳುವವನಿಗೆ ಅದು ತಟ್ಟುವುದಿಲ್ಲ ಎಂಬುದನ್ನು ಅವನು ಕಂಡದ್ದನ್ನು ಕಂಡ ಹಾಗೆ ಬರೆದಿಟ್ಟ.

ಆದ್ದರಿಂದಲೇ ನಾವು ಹೇಳುವುದು: ಪಾಪಿಯ ಪಾಪವೇ ಅವನನ್ನು ತಿನ್ನುತ್ತದೆ, ನೀವು ಸುಮ್ಮನಿರಿ ಎಂಬ ಉಪದೇಶಕ್ಕಿಂತ ಲಾಭದ ಸರಕು ಆಸೆಬುರುಕನಿಗೆ ಇನ್ನೊಂದಿಲ್ಲ. ಕಾಳಸಂತೆಯವನು ತಾನೇ ಕೊಳೆತುಹೋಗುತ್ತಾನೆಂದು ಕಾದು ಕುಳಿತವನ ಮನೆಯ ಅಕ್ಕಿ ಮೊದಲು ಮುಗಿಯುತ್ತದೆ.

ಈ ಕತೆಯ ಬೇರು ನಮ್ಮ ದೇಶದಲ್ಲೇ ಇದೆ ಎಂಬುದನ್ನೂ ವಾಚಕರು ಅರಿಯಬೇಕು. ಪಾಲಿ ಭಾಷೆಯ ಬುದ್ಧಜಾತಕಗಳಲ್ಲಿ ೪೮ನೆಯದು ವೇದಬ್ಭ ಜಾತಕ. ಚಾಸರನಿಗಿಂತ ಎಷ್ಟೋ ಶತಮಾನ ಹಿಂದಿನದು. ಅಲ್ಲಿ ಮಂತ್ರಬಲದಿಂದ ರತ್ನದ ಮಳೆ ಸುರಿಸಬಲ್ಲ ಬ್ರಾಹ್ಮಣನೊಬ್ಬ ಕಳ್ಳರ ಕೈಗೆ ಸಿಕ್ಕುತ್ತಾನೆ. ಆ ರತ್ನಕ್ಕಾಗಿ ಐನೂರು ಐನೂರು ಜನರ ಎರಡು ಕಳ್ಳರ ತಂಡಗಳು ಹೊಡೆದಾಡಿ ಸತ್ತು, ಕಡೆಗೆ ಉಳಿದವರು ಇಬ್ಬರು. ಒಬ್ಬ ಕತ್ತಿ ಹಿಡಿದು ಕಾವಲು ನಿಂತ, ಇನ್ನೊಬ್ಬ ಊರಿಗೆ ಹೋಗಿ ವಿಷವಿಕ್ಕಿದ ಅನ್ನ ತಂದ. ಮುಂದಿನದು ಅದೇ ಕತೆ. ಆದರೆ ಒಂದು ವ್ಯತ್ಯಾಸವಿದೆ. ಜಾತಕದಲ್ಲಿ ಆ ಸಂಪತ್ತು ಕಾಡಿನಲ್ಲಿ ಅನಾಥವಾಗಿ ಬಿದ್ದಿರುವುದಿಲ್ಲ. ಬ್ರಾಹ್ಮಣನ ಶಿಷ್ಯನಾಗಿದ್ದ ಬೋಧಿಸತ್ವ ಅದನ್ನು ಹೊತ್ತು ತಂದು ದಾನ ಮಾಡುತ್ತಾನೆ. ಸಾವಿರ ಕಳ್ಳರು ಸತ್ತರೂ ಬಡವನ ಹೊಟ್ಟೆ ತುಂಬಲಿಲ್ಲ. ಸಂಪತ್ತನ್ನು ಹೊತ್ತು ತರುವ ಕೈ ಬೇಕಾಯಿತು. ನಾವು ಇದರಿಂದ ಕಲಿಯುವುದು ಇದನ್ನೇ. ಆಸೆಬುರುಕರು ಸಾಯುವುದು ನ್ಯಾಯವಲ್ಲ, ಅದು ಬರಿಯ ಹೆಣ. ಸಂಪತ್ತು ಹಂಚಿಕೆಯಾಗುವುದು ನ್ಯಾಯ.

ಇಷ್ಟು ಹೇಳಿ ಮುಗಿಸಿದರೆ ನಾವೂ ಅರ್ಧ ಕತೆ ಹೇಳಿದವರಾದೇವು. ಬೇರೆಯವರ ಕಡೆ ಬೆರಳು ತೋರಿಸಿ ನಮ್ಮ ಮನೆಯನ್ನು ಬಿಟ್ಟರೆ, ಆ ದಲ್ಲಾಳಿಗೂ ನಮಗೂ ಚೀಲದ ಬಣ್ಣ ಮಾತ್ರ ಬೇರೆ. ಕತೆಯ ಮೂವರು ಮೊದಲು ಮಾಡಿದ್ದು ಏನು? ಕೈಗೆ ಕೈ ಸೇರಿಸಿ ಅಣ್ಣತಮ್ಮಂದಿರೆಂದು ಆಣೆಯಿಟ್ಟರು. ಸಂಘ ಕಟ್ಟುವಾಗ ನಾವೂ ಇಡುವುದು ಅದೇ ಆಣೆ. ಆ ಆಣೆ ಮುರಿದದ್ದು ಚಿನ್ನ ಕಂಡಾಗಲಲ್ಲ, ಒಬ್ಬ ಪೇಟೆಗೆ ಹೋದಾಗ ಉಳಿದಿಬ್ಬರು ಪಿಸುಗುಟ್ಟಿದಾಗ. ಪಿಸುಮಾತಿನ ಲೆಕ್ಕ ಎಲ್ಲಿದೆಯೋ ಅಲ್ಲಿ ಪಾಷಾಣವಿದೆ. ನಾಲ್ಕು ಜನ ಮುಖಂಡರು ಬಾಗಿಲು ಹಾಕಿಕೊಂಡು ಒಪ್ಪಂದ ಮಾಡಿಬರುವ ಸಂಘ, ಚಂದಾ ಪುಸ್ತಕವನ್ನು ಸದಸ್ಯರಿಗೆ ತೋರಿಸದ ಖಜಾಂಚಿ, ಕಾಯಂ ಕೆಲಸಗಾರನಿಗೆ ಒಂದು ಮಾತು ಗುತ್ತಿಗೆಯವನಿಗೆ ಇನ್ನೊಂದು ಮಾತು, ಇವೆಲ್ಲ ಆ ಮೂರು ಬಾಟಲಿಗಳೇ.

ಚರಿತ್ರೆಯೂ ಇದನ್ನೇ ಹೇಳುತ್ತದೆ. ೧೩೮೧ರ ದಂಗೆಯ ಜನ ಲಂಡನ್ನಿನಲ್ಲಿ ನೆಲಸಿದ್ದ ಫ್ಲಾಂಡರ್ಸಿನ ವಲಸೆಗಾರರನ್ನು ಬೀದಿಗೆಳೆದು ಕೊಂದರು. ಆ ವಲಸೆಗಾರರಲ್ಲಿ ನೇಕಾರರಿದ್ದರು, ಇವರಂತೆಯೇ ಕೈಕಸುಬಿನವರು. ಪರಊರಿನವನು ನಮ್ಮ ಕೂಲಿ ಕಸಿದ ಎಂಬ ಸಿಟ್ಟು ಒಡೆಯನ ಮೇಲಿನ ಸಿಟ್ಟಿಗಿಂತ ಸುಲಭ. ಆ ಕೊಲೆಗಳಿಂದ ಯಾವ ಕೂಲಿಕಾರನ ಕೂಲಿಯೂ ಒಂದು ಪೆನ್ನಿ ಏರಲಿಲ್ಲ. ಬೇರೆ ರಾಜ್ಯದಿಂದ ಬಂದ ಕೆಲಸಗಾರನನ್ನು ಕಂಡು ಹಲ್ಲು ಕಡಿಯುವ ಗೆಳೆಯರು ಇದನ್ನು ಮರೆಯಬಾರದು.

ಅಂಗಡಿ ನಡೆಸುವ ನಮ್ಮ ಓದುಗರಿಗೂ ಒಂದು ಮಾತು. ಸಗಟು ದಾಸ್ತಾನುಗಾರನ ಕೈಯಲ್ಲಿ ನೀವೂ ನಲುಗುತ್ತಿದ್ದೀರಿ, ಬಲ್ಲೆವು. ಆದರೆ ಅವನು ಮೂಟೆಯಲ್ಲಿ ಕದ್ದದ್ದನ್ನು ನೀವು ತಕ್ಕಡಿಯಲ್ಲಿ ತುಂಬಿಕೊಳ್ಳುವುದು ಬೇಡ. ನಿಮ್ಮ ಮುಂದೆ ಸೇರಕ್ಕಿಗೆ ಕೈಯೊಡ್ಡುವವಳು ನಿಮ್ಮಷ್ಟೇ ನಲುಗಿದವಳು. ಆ ದಲ್ಲಾಳಿಯ ಬಾಯಿ ಕಟ್ಟಿಸಿದವನು ಯಾವ ರಾಜನೂ ಅಲ್ಲ, ಒಬ್ಬ ತಂಗುಮನೆಯವನು ಎಂಬುದು ನೆನಪಿರಲಿ. ತಕ್ಕಡಿ ನೆಟ್ಟಗಿದ್ದವನಿಗೆ ಮಾತ್ರ ಬಾಯಿ ಗಟ್ಟಿ.

ಆಸೆಯ ವಿಷಯ ಮಾತಾಡುವ ಹಕ್ಕು ಯಾರಿಗಿದೆ? ನಮ್ಮ ಕಲ್ಯಾಣದಲ್ಲಿ ಹನ್ನೆರಡನೆಯ ಶತಮಾನದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತಂದು ದಾಸೋಹ ನಡೆಸುತ್ತಿದ್ದ ಮಾರಯ್ಯನ ಮನೆಯಾಕೆ ಲಕ್ಕಮ್ಮನಿಗಿತ್ತು. ಒಂದು ದಿನ ಗಂಡ ಬೇಕಾದದ್ದಕ್ಕಿಂತ ಹೆಚ್ಚು ಅಕ್ಕಿ ತಂದಾಗ ಇದು ನಮಗೆ ಸಲ್ಲದ ಆಸೆ, ಹೆಚ್ಚಿನದನ್ನು ಅಲ್ಲೇ ಸುರಿದು ಬನ್ನಿ ಎಂದಳು ಎಂದು ಶರಣರ ಕತೆ ಹೇಳುತ್ತದೆ. ಅವಳು ಉಪದೇಶ ಮಾಡಿದ್ದು ತನ್ನ ಮನೆಯ ಹೊಸ್ತಿಲೊಳಗೆ, ತನ್ನ ಗಂಡನಿಗೆ, ತನ್ನ ಪಾಲಿನ ಅಕ್ಕಿಯ ಬಗ್ಗೆ. ಪಕ್ಕದ ಮನೆಯ ಮಡಕೆಗೆ ಕೈಹಾಕಿ ತೃಪ್ತಿಯ ಪಾಠ ಹೇಳಲಿಲ್ಲ.

ಈಗ ಮಾನ್ಯರಿಗೆ ನಮ್ಮ ವಿನಂತಿ. ತಾವು ಮುಂದಿನ ವರ್ಷವೂ ನೋಟುಬುಕ್ಕು ಹಂಚಿ, ನಾವು ಮಕ್ಕಳನ್ನು ಕಳಿಸುತ್ತೇವೆ. ಪುಸ್ತಕದ ಮೇಲೆ ನಮಗೆ ಸಿಟ್ಟಿಲ್ಲ. ಕತೆಯನ್ನೂ ಹೇಳಿ, ಪೂರ್ತಿ ಹೇಳಿ. ಹೇಳುವ ಮುಂಚೆ ಜಮಾಖರ್ಚಿನ ಪುಸ್ತಕವನ್ನು ಮೇಜಿನ ಮೇಲಿಡಿ. ಲಾಭ ಎಷ್ಟು, ಕೂಲಿಗೆ ಹೋದದ್ದೆಷ್ಟು, ಅಂಗಡಿ ಮಳಿಗೆಗಳ ಬಾಡಿಗೆ ಹತ್ತು ವರ್ಷದಲ್ಲಿ ಏರಿದ್ದೆಷ್ಟು ಎಂಬುದನ್ನು ಸಭೆ ಓದಲಿ. ಅದಾದ ಮೇಲೂ ದುರಾಸೆ ನಮ್ಮದೇ ಎಂದು ಲೆಕ್ಕ ಹೇಳಿದರೆ ನಾವು ತಲೆಬಾಗಿ ಅರ್ಜಿ ಹಿಂದಕ್ಕೆ ತೆಗೆದುಕೊಳ್ಳುತ್ತೇವೆ.

ನಮ್ಮ ಓದುಗರಿಗೆ ಹೇಳುವುದು ಒಂದೇ. ಆಸೆ ಬಿಡಿ ಎಂದು ಯಾರಾದರೂ ವೇದಿಕೆ ಹತ್ತಿದರೆ ಅವರ ಬಾಯನ್ನು ನೋಡಬೇಡಿ, ಕೈಯಲ್ಲಿರುವ ತಟ್ಟೆಯನ್ನು ನೋಡಿ. ಮೂವರ ಸಾವು ಕೇಳಿ ಚಪ್ಪಾಳೆ ತಟ್ಟುವ ಮುಂಚೆ, ನಾಲ್ಕನೆಯವನೆಲ್ಲಿ ಎಂದು ಎದ್ದು ನಿಂತು ಕೇಳಿ. ಮೊನ್ನೆ ನಾವು ಕೇಳಲಿಲ್ಲ, ಚಪ್ಪಾಳೆ ತಟ್ಟಿ ಬಂದೆವು. ಮುಂದಿನ ಸಭೆಯಲ್ಲಿ ಕೇಳುತ್ತೇವೆ. ನೀವೂ ಬನ್ನಿ.